ಸಮ್ಮೇಳನ ಮುಗಿದ ಮೇಲೇ ಶುರು ಅಸಲಿ ಕೆಲಸ!

ವಂದನಾರ್ಪಣೆ ಆಯಿತು, ಗ್ರೂಪ್ ಫೋಟೋ ಆಯಿತು, ಊಟವೂ ಆಯಿತು. ಸಿಕ್ಕ ವಿಸಿಟಿಂಗ್ ಕಾರ್ಡ್‌ಗಳು ಡ್ರಾಯರ್ ಸೇರಿದವು. ವೃತ್ತಿಪರ ಸಂಘಗಳು ತಿಂಗಳುಗಟ್ಟಲೆ ಓಡಾಡಿ, ಸದಸ್ಯರ ಹಣ ಖರ್ಚು ಮಾಡಿ ನಡೆಸುವ ಬಹುತೇಕ ಸಮ್ಮೇಳನಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಹೀಗಾಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲೆರಡು ದಿನ ಮುಖ್ಯ: ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದು ಶುರುವಿನಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆ ಎಂದು 1885ರಲ್ಲೇ ತೋರಿಸಿದ್ದರು. ಆದ್ದರಿಂದ ಭಾಷಣದ ಸ್ಲೈಡ್, ಮುಖ್ಯಾಂಶಗಳು ವಾರ ಕಳೆದು ಬಂದರೆ ಪ್ರಯೋಜನ ಕಡಿಮೆ. ಒಂದೆರಡು ದಿನದೊಳಗೆ ಕಳಿಸಬೇಕು. ಜೊತೆಗೆ ಮೂರ್ನಾಲ್ಕು ಪ್ರಶ್ನೆಗಳ ಅಭಿಪ್ರಾಯ ಪತ್ರ ಸಾಕು.

ಸರ್ಟಿಫಿಕೇಟ್ ಒಂದೇ ಸಾಲದು: ವೈದ್ಯರು, ಚಾರ್ಟರ್ಡ್ ಅಕೌಂಟೆಂಟ್‌ಗಳು ಇಂತಿಷ್ಟು ಗಂಟೆಗಳ ನಿರಂತರ ಕಲಿಕೆ ತೋರಿಸಬೇಕು. ಹಾಗಾಗಿ ಸಭಾಂಗಣ ತುಂಬುತ್ತದೆ. ಆದರೆ ಸರ್ಟಿಫಿಕೇಟ್ ಕೈಸೇರಿದ ಕೂಡಲೇ ನಂಟು ಕಡಿಯುತ್ತದೆ. ಸಮಯವಿಲ್ಲದೆ ಉಳಿದುಹೋದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ತಿಂಗಳ ನಂತರ ಅದೇ ಭಾಷಣಕಾರರೊಂದಿಗೆ ಅರ್ಧ ಗಂಟೆಯ ಆನ್‌ಲೈನ್ ಮಾತುಕತೆ ಇಟ್ಟರೆ ಜನ ಮತ್ತೆ ಬರಲು ಕಾರಣ ಸಿಗುತ್ತದೆ.

ಭಾಷಣಕ್ಕೆ ಎರಡನೇ ಜನ್ಮ: ಅಮೆರಿಕದಲ್ಲಿ 1984ರಲ್ಲಿ ಆರಂಭವಾದ ಟೆಡ್ ಸಮ್ಮೇಳನ ಸೀಮಿತ ಆಹ್ವಾನಿತರದ್ದಾಗಿತ್ತು. 2006ರಲ್ಲಿ ಭಾಷಣಗಳ ವಿಡಿಯೋಗಳನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ಕೊಟ್ಟ ಮೇಲೆ ಅದು ಮನೆಮಾತಾಯಿತು. ಸಣ್ಣ ಸಂಘಗಳೂ ಭಾಷಣಕಾರರ ಒಪ್ಪಿಗೆ ಪಡೆದು, ವಾರಕ್ಕೊಂದರಂತೆ ಹತ್ತು ನಿಮಿಷದ ತುಣುಕು ಹಂಚಬಹುದು.

ವಾಟ್ಸ್‌ಆ್ಯಪ್ ಗ್ರೂಪ್ ಎಚ್ಚರ: ಒಂದು ಗ್ರೂಪ್‌ಗೆ 1,024 ಜನರನ್ನು ಸೇರಿಸಬಹುದು. ಆದರೆ ಎಲ್ಲರನ್ನೂ ಒಂದೇ ಕಡೆ ತುಂಬಿದರೆ ಶುಭೋದಯದ ಸಂದೇಶಗಳ ನಡುವೆ ಕೆಲಸದ ಮಾತು ಕಳೆದುಹೋಗುತ್ತದೆ, ಜನ ಮ್ಯೂಟ್ ಮಾಡುತ್ತಾರೆ. ಪ್ರಕಟಣೆಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಒಂದು ಗ್ರೂಪ್, ಚರ್ಚೆಗೆ ವಿಷಯವಾರು ಹತ್ತು-ಹದಿನೈದು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬರನ್ನು ಹೊಣೆ ಮಾಡುವುದು ಒಳ್ಳೆಯದು.

ಒಪ್ಪಿಗೆ ಮರೆಯಬೇಡಿ: ನೋಂದಣಿಗೆಂದು ಪಡೆದ ಮೊಬೈಲ್ ನಂಬರ್‌ಗಳನ್ನು ಪ್ರಾಯೋಜಕರಿಗೆ ಕೊಟ್ಟುಬಿಡುವ ರೂಢಿ ಕೆಲವೆಡೆ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯ ಒಪ್ಪಿಗೆಗೆ ಒತ್ತು ಕೊಡುತ್ತದೆ. ಕಾನೂನಿನ ಮಾತು ಹಾಗಿರಲಿ, ಮಾರಾಟದ ಕರೆಗಳು ಶುರುವಾದರೆ ಸಂಘದ ಸಂದೇಶವನ್ನೂ ಯಾರೂ ತೆರೆಯುವುದಿಲ್ಲ.

ಕೊನೆಯದಾಗಿ, ಕೇಳಿದ ಅಭಿಪ್ರಾಯಕ್ಕೆ ಉತ್ತರ ಕೊಡಬೇಕು. 'ನೀವು ಹೇಳಿದ್ದೀರಿ, ಇದನ್ನು ಬದಲಿಸಿದ್ದೇವೆ' ಎಂಬ ಎರಡು ಸಾಲು ಮುಂದಿನ ವರ್ಷದ ಆಮಂತ್ರಣ ಪತ್ರಿಕೆಗಿಂತ ಹೆಚ್ಚು ಜನರನ್ನು ಕರೆತರಬಲ್ಲದು.