ಅವಸರದ ಲೆಕ್ಕ

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಉಷ್ಣಗತಿಶಾಸ್ತ್ರವೂ ತನ್ನದೇ ರೀತಿಯಲ್ಲಿ ಒಪ್ಪುತ್ತದೆ. ವಸ್ತುವೊಂದರ ಶಕ್ತಿಯಲ್ಲಿ ಕೆಲಸಕ್ಕೆ ಒದಗಬಲ್ಲ ಪಾಲಿಗೆ ಮುಕ್ತಶಕ್ತಿಯೆಂದು ಹೆಸರು. ಸ್ಥಿರವಾದ ಉಷ್ಣತೆಯಲ್ಲಿ ವಸ್ತುವನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಅತಿ ನಿಧಾನವಾಗಿ ಒಯ್ದರೆ ನಾವು ಮಾಡುವ ಕೆಲಸ ಮುಕ್ತಶಕ್ತಿಯ ಹೆಚ್ಚಳಕ್ಕೆ ಸಮ. ಅವಸರಪಟ್ಟರೆ ಸರಾಸರಿ ಕೆಲಸ ಅದನ್ನು ಮೀರುತ್ತದೆ. ಮೀರಿದ್ದು ಶಾಖವಾಗಿ ಪೋಲಾಗುತ್ತದೆ. ಎರಡನೆಯ ನಿಯಮ ‘ಇದಕ್ಕಿಂತ ಕಡಿಮೆಯಿಲ್ಲ’ ಎನ್ನುವುದೇ ಹೊರತು, ಎಷ್ಟು ಹೆಚ್ಚೆಂದು ಹೇಳದು.

1997ರಲ್ಲಿ ಅಮೆರಿಕದ ವಿಜ್ಞಾನಿ ಕ್ರಿಸ್ಟೋಫರ್ ಜಾರ್ಜಿನ್ಸ್ಕಿ ಈ ಅಸಮತೆಯ ಮರೆಯಲ್ಲಿ ಒಂದು ಸಮತೆಯಿರುವುದನ್ನು ತೋರಿಸಿದರು. ಅಣುಗಳ ಲೋಕದಲ್ಲಿ ಉಷ್ಣದ ತಳಮಳ ನಿಲ್ಲುವುದಿಲ್ಲ. ಆದ್ದರಿಂದ ಒಂದೇ ಅಣುವನ್ನು ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಎಳೆದರೂ ಕೆಲಸ ಪ್ರತಿಸಲವೂ ಬೇರೆ. ಒಮ್ಮೊಮ್ಮೆ ತಳಮಳವೇ ನೆರವಾಗಿ, ಕೆಲಸ ಮುಕ್ತಶಕ್ತಿಯ ಹೆಚ್ಚಳಕ್ಕಿಂತ ಕಡಿಮೆಯಾಗುವುದೂ ಉಂಟು. ಜಾರ್ಜಿನ್ಸ್ಕಿ ಬಳಸಿದ್ದು ಘಾತೀಯ ಸರಾಸರಿಯನ್ನು. ಅದರಲ್ಲಿ ಅಲ್ಪ ಕೆಲಸಕ್ಕೆ ಬಹು ತೂಕ, ಅಧಿಕ ಕೆಲಸಕ್ಕೆ ಬಲು ಕಡಿಮೆ ತೂಕ. ಆರಂಭ ಸಮತೋಲದಲ್ಲಿದ್ದರೆ ಸಾಕು, ಎಷ್ಟೇ ರಭಸದಿಂದ ಎಳೆದರೂ ಈ ಸರಾಸರಿ ಮುಕ್ತಶಕ್ತಿಯ ವ್ಯತ್ಯಾಸವನ್ನೇ ಕೊಡುತ್ತದೆ.

ಒಂದು ಉದಾಹರಣೆ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರಪೇಕ್ಷ ಉಷ್ಣತೆಯಿಂದ ಗುಣಿಸಿದ ಮೊತ್ತ ನಮ್ಮ ಮಾನವಾಗಿರಲಿ. ಕೆಲಸವು 2 ಅಥವಾ 6 ಮಾನ, ಎರಡಕ್ಕೂ ಸಮಾನ ಸಂಭವವೆನ್ನೋಣ. ಸಾಧಾರಣ ಸರಾಸರಿ 4. ಜಾರ್ಜಿನ್ಸ್ಕಿಯವರ ಲೆಕ್ಕದಲ್ಲಿ ಬರುವುದು ಸುಮಾರು 2.7. ಉಳಿದ 1.3 ಅವಸರಕ್ಕೆ ತೆತ್ತ ದಂಡ.

ಇದು ಕಾಗದದ ಮೇಲಿನ ಚಮತ್ಕಾರ ಮಾತ್ರವೆ? ಅಲ್ಲ. 2002ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಕಾರ್ಲೋಸ್ ಬುಸ್ತಮಾಂಟೆ ಮತ್ತು ಸಂಗಡಿಗರು ಮಡಿಚಿಕೊಂಡಿದ್ದ ಒಂದು ಆರ್‌ಎನ್‌ಎ ಅಣುವನ್ನು ಲೇಸರ್ ಬೆಳಕಿನ ಚಿಮಟದಿಂದ ಹಿಡಿದು ಬಾರಿ ಬಾರಿಗೂ ಬಿಚ್ಚಿದರು. ವೇಗವಾದ ಎಳೆತಗಳಿಂದ ಕಂಡುಕೊಂಡ ಮುಕ್ತಶಕ್ತಿ, ನಿಧಾನದ ಎಳೆತದಿಂದ ದೊರೆತುದಕ್ಕೆ ಅರ್ಧ ಮಾನದೊಳಗೆ ಹೊಂದಿತು.

ಆದರೆ ಮಿತಿಯೂ ಉಂಟು. ಪೋಲಾಗುವ ಕೆಲಸ ಹೆಚ್ಚಿದಂತೆ ಬೇಕಾದ ಎಳೆತಗಳ ಸಂಖ್ಯೆ ಘಾತೀಯವಾಗಿ ಏರುತ್ತದೆ. ಅಲ್ಪ ಕೆಲಸದ ಅಪರೂಪದ ಎಳೆತಗಳು ಕೈಗೆ ಸಿಕ್ಕದಿದ್ದರೆ ಲೆಕ್ಕ ತಪ್ಪುತ್ತದೆ. ನನ್ನ ಮನಸ್ಸನ್ನು ಹಿಡಿದದ್ದು ಈ ಮಾತೇ. ಗುಂಪಿನಿಂದ ದೂರ ಬಿದ್ದ ಅಳತೆಯನ್ನು ದೋಷವೆಂದು ಹೊಡೆದುಹಾಕುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಇಲ್ಲಿಯಾದರೋ ನಿಜದ ಭಾರವನ್ನು ಹೊತ್ತಿರುವುದು ಅಂಥ ವಿರಳ ಅಳತೆಯೇ.