ಬ್ಯಾಕ್ಟೀರಿಯೋಫೇಜ್: ಗುಣವೂ ಮಿತಿಯೂ

ಬ್ಯಾಕ್ಟೀರಿಯಾಗಳಿಗೂ ವೈರಸ್ ಸೋಂಕು ತಗಲುತ್ತದೆ. ಅಂತಹ ಸೋಂಕನ್ನುಂಟುಮಾಡುವ ವೈರಸ್‌ಗಳೇ ಬ್ಯಾಕ್ಟೀರಿಯೋಫೇಜ್‌ಗಳು; ಸಂಕ್ಷೇಪವಾಗಿ ಫೇಜ್‌ಗಳು. ಇವುಗಳ ಪರಿಣಾಮವನ್ನು 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ವರದಿ ಮಾಡಿದರು. 1917ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಸ್ವತಂತ್ರವಾಗಿ ಇವುಗಳನ್ನು ಕಂಡುಹಿಡಿದು ಹೆಸರಿಟ್ಟರು.

ಫೇಜ್‌ಗಳ ಮುಖ್ಯ ಲಕ್ಷಣ, ಆಶ್ರಯ ನೀಡುವ ಜೀವಕೋಶದ ಖಚಿತ ಆಯ್ಕೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾವನ್ನು ಆಕ್ರಮಿಸುವ ಟಿ4 ಫೇಜ್ ಇದಕ್ಕೆ ನಿದರ್ಶನ. ಅದರ ಬಾಲದ ಎಳೆಗಳು ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ನಿರ್ದಿಷ್ಟ ಅಣುಗಳನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಬಾಲವು ಸಂಕುಚಿಸಿದಾಗ ಡಿಎನ್‌ಎ ಒಳಸೇರುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ನೂರಕ್ಕೂ ಮಿಕ್ಕ ಹೊಸ ಫೇಜ್‌ಗಳು ಕೋಶವನ್ನು ಒಡೆದು ಹೊರಬರುತ್ತವೆ. ಆ ಗುರುತಿಲ್ಲದ ಕೋಶಗಳಿಗೆ ಬಾಧೆಯಿಲ್ಲ.

ಈ ಗುಣವೇ ಚಿಕಿತ್ಸೆಯಲ್ಲಿ ತೊಡಕೂ ಆಯಿತು. ರೋಗಕಾರಕವನ್ನು ಮೊದಲು ಗುರುತಿಸಿ, ಅದಕ್ಕೊಪ್ಪುವ ಫೇಜನ್ನು ಅರಸಬೇಕಿತ್ತು. 1940ರ ದಶಕದಲ್ಲಿ ಬಳಕೆಗೆ ಬಂದ ಪ್ರತಿಜೀವಕಗಳು ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೇ ನಿಗ್ರಹಿಸಿದುದರಿಂದ ಪಾಶ್ಚಾತ್ಯ ವೈದ್ಯಲೋಕ ಫೇಜ್‌ಗಳನ್ನು ಬದಿಗಿರಿಸಿತು. ಜಾರ್ಜಿಯಾದ ಟಿಬಿಲಿಸಿಯಲ್ಲಿ ಮಾತ್ರವಲ್ಲದೆ ಪೋಲೆಂಡಿನಲ್ಲಿಯೂ ಈ ಚಿಕಿತ್ಸೆ ಮುಂದುವರಿಯಿತು.

ಇಂದು ಪರಿಸ್ಥಿತಿ ಬದಲಾಗಿದೆ. ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣವಾದುವೆಂದು ಅಂದಾಜು. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅಂತಹ ಸೋಂಕಿನಿಂದ ಮರಣಾಸನ್ನನಾಗಿದ್ದ ರೋಗಿಯೊಬ್ಬರು ರಕ್ತನಾಳದ ಮೂಲಕ ಫೇಜ್ ಪಡೆದು ಚೇತರಿಸಿಕೊಂಡರು.

ಬ್ಯಾಕ್ಟೀರಿಯಾಗಳು ತಮ್ಮ ಹೊರಮೈ ಅಣುಗಳನ್ನು ಬದಲಿಸಿಕೊಂಡು ಫೇಜ್‌ಗಳಿಂದಲೂ ಪಾರಾಗಬಲ್ಲವು. ಆದುದರಿಂದಲೇ ಹಲವು ಫೇಜ್‌ಗಳ ಮಿಶ್ರಣವನ್ನು ಬಳಸುವುದುಂಟು. ಪರೀಕ್ಷಿತ ಫೇಜ್‌ಗಳ ಸಂಗ್ರಹ ಮುಂಚಿತವಾಗಿಯೇ ಸಿದ್ಧವಿದ್ದಲ್ಲಿ ಮಾತ್ರ ಈ ಖಚಿತತೆ ರೋಗಿಗೆ ಸಕಾಲದಲ್ಲಿ ನೆರವಾದೀತು.