ದೆವ್ವಗಳ ಊರಿನಲ್ಲಿ ಕಳೆದುಹೋದ ಹೆಸರುಗಳು

ಅಜ್ಜಿ ಹೇಳಿದ ದೆವ್ವದ ಕತೆ ಕೇಳಿ ಚಾದರದೊಳಗೆ ಮುದುಡಿ ಮಲಗಿದ ನೆನಪು ನಿಮಗೂ ಇರಬಹುದು. ಅಂತಹ ಭಯವನ್ನೇ ಟಿಕೆಟ್ ಇಟ್ಟು ಮಾರುವ ಊರೊಂದಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ.

1733ರಲ್ಲಿ ಸ್ಥಾಪನೆಯಾದ ಈ ಊರು ನೋಡಲು ಬಲು ಚೆಂದ. ಮರಗಳ ನೆರಳಿನ 22 ಚೌಕಗಳು, ಹಳೆಯ ಬಂಗಲೆಗಳು, ಓಕ್ ಮರದ ಕೊಂಬೆಗಳಿಂದ ಗಡ್ಡದಂತೆ ಜೋತು ಬಿದ್ದ ಬೂದು ಬಳ್ಳಿಗಳು. ರಾತ್ರಿಯಾದರೆ ಸಾಕು, ಮಾರ್ಗದರ್ಶಕರು ಪ್ರವಾಸಿಗರನ್ನು ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಹೆಣ ಸಾಗಿಸುವ ಹಳೆಯ ವಾಹನಗಳ ಮೇಲ್ಛಾವಣಿ ತೆಗೆದು ಅದರಲ್ಲಿ ಜನರನ್ನು ಕೂರಿಸಿ ಊರು ಸುತ್ತಿಸುವವರೂ ಇದ್ದಾರೆ.

ಮೋಲಿಯ ಕತೆ

ಇಲ್ಲಿನ ಹೆಸರುವಾಸಿ 'ದೆವ್ವದ ಮನೆ' ಎಂದರೆ ಸೊರೆಲ್-ವೀಡ್ ಬಂಗಲೆ. ಮಾಲಕ ಫ್ರಾನ್ಸಿಸ್ ಸೊರೆಲ್‌ಗೆ ಮೋಲಿ ಎಂಬ ಗುಲಾಮ ಹೆಣ್ಣಿನೊಂದಿಗೆ ಸಂಬಂಧವಿತ್ತು, ಅದು ತಿಳಿದ ಪತ್ನಿ ಮಹಡಿಯಿಂದ ಹಾರಿದಳು, ಬಳಿಕ ಮೋಲಿಯ ಶವ ನೇತಾಡುತ್ತಿತ್ತು, ಈಗಲೂ ಆಕೆ ಅಲೆಯುತ್ತಾಳೆ ಎಂಬುದು ಕತೆ.

ಇತಿಹಾಸಕಾರ್ತಿ ತಿಯಾ ಮೈಲ್ಸ್ ಈ ಕತೆಯ ಬೆನ್ನು ಹತ್ತಿದರು. ದಕ್ಷಿಣ ಅಮೆರಿಕನ್ ರಾಜ್ಯಗಳ ದೆವ್ವದ ಪ್ರವಾಸಗಳ ಬಗ್ಗೆ 2015ರಲ್ಲಿ ಅವರ ಪುಸ್ತಕ ಬಂತು. ಮೋಲಿ ಎಂಬವಳು ಆ ಮನೆಯಲ್ಲಿದ್ದಳೆನ್ನಲು ಅವರಿಗೆ ಯಾವ ದಾಖಲೆಯೂ ಸಿಗಲಿಲ್ಲ. 1860ರಲ್ಲಿ ಸೊರೆಲ್‌ನ ಪತ್ನಿ ಮಹಡಿಯಿಂದ ಬಿದ್ದು ಸತ್ತದ್ದು ನಿಜ. ಆದರೆ ಕುಟುಂಬವು ಅಷ್ಟರಲ್ಲಿ ಪಕ್ಕದ ಮನೆಗೆ ಹೋಗಿಯಾಗಿತ್ತು!

ಕತೆಯ ಮೋಲಿ ಕಲ್ಪನೆಯಿರಬಹುದು. ಆದರೆ ಒಡೆಯನ ಇಚ್ಛೆಗೆ 'ಇಲ್ಲ' ಎನ್ನುವ ಹಕ್ಕೇ ಇಲ್ಲದ ಹೆಣ್ಣು ಮಕ್ಕಳು ಆ ಊರಿನ ಅದೆಷ್ಟೋ ಮನೆಗಳಲ್ಲಿದ್ದರು. ಅಂಥವರ ನೋವನ್ನು 'ಪ್ರೇಮ ಪ್ರಕರಣ'ವಾಗಿಸಿ ರಂಜನೆಗೆ ಮಾರುವುದು ಸರಿಯೇ? ನೀವೇ ಯೋಚಿಸಿ.

ದೆವ್ವಕ್ಕಿಂತ ಭಯಾನಕ

ನಿಜವಾಗಿ ನಡುಕ ಹುಟ್ಟಿಸುವುದು ದಾಖಲೆಗಳಲ್ಲಿದೆ. 1859ರ ಮಾರ್ಚ್ 2 ಮತ್ತು 3ರಂದು ಸವಾನಾದ ಹೊರವಲಯದ ಕುದುರೆ ಪಂದ್ಯದ ಮೈದಾನದಲ್ಲಿ ಮನುಷ್ಯರ ಹರಾಜು ನಡೆಯಿತು. ಪಿಯರ್ಸ್ ಬಟ್ಲರ್ ಎಂಬ ತೋಟದ ಒಡೆಯ ತನ್ನ ಸಾಲ ತೀರಿಸಲು ಗಂಡು, ಹೆಣ್ಣು, ಮಕ್ಕಳೆಂದು ನಾನೂರಕ್ಕೂ ಹೆಚ್ಚು ಜನರನ್ನು ಮಾರಿದ. ಕೈಗೆ ಬಂದದ್ದು 3 ಲಕ್ಷ ಡಾಲರಿಗೂ ಮಿಕ್ಕಿದ ಹಣ. ಹರಾಜಿನ ದಿನಗಳಲ್ಲಿ ಮಳೆ ಸುರಿಯುತ್ತಿತ್ತು. 'ಅಳುವಿನ ಕಾಲ' ಎಂದೇ ಅದಕ್ಕೆ ಹೆಸರು ಬಂತು. ಅಲ್ಲೊಂದು ಸ್ಮಾರಕ ಫಲಕ ಬರಲು 2008ರವರೆಗೆ ಕಾಯಬೇಕಾಯಿತು.

ಹಳೆಯ ಸ್ಮಶಾನದ ಮಾತೂ ಹೀಗೆಯೇ. ಅಲ್ಲಿ ನೆರಳುಗಳು ಸುಳಿಯುತ್ತವೆ ಎನ್ನುತ್ತಾರೆ. 1820ರಲ್ಲಿ ಹಳದಿ ಜ್ವರದಿಂದ ಆ ಊರಲ್ಲಿ ಸುಮಾರು 700 ಮಂದಿ ಸತ್ತರು. ಕೆಟ್ಟ ಗಾಳಿಯೇ ಕಾರಣವೆಂದು ಆಗ ನಂಬಿದ್ದರು. ರೋಗ ಹರಡುವುದು ಸೊಳ್ಳೆಯೆಂದು ಖಚಿತವಾದದ್ದು 1900ರಲ್ಲಿ. ಆಗ ಕಾಣದ ಶತ್ರುವಾಗಿದ್ದದ್ದು ಭೂತವಲ್ಲ, ಸೊಳ್ಳೆ.

ನೀಲಿ ಬಣ್ಣದ ಕಾವಲು

ಓವೆನ್ಸ್-ಥಾಮಸ್ ಬಂಗಲೆಯ ಹಿತ್ತಿಲಲ್ಲಿ ಗುಲಾಮರು ಮಲಗುತ್ತಿದ್ದ ಕೋಣೆಗಳಿವೆ. ಅವುಗಳ ಮಾಡಿನಲ್ಲಿ ಮಾಸಿದ ನೀಲಿ ಬಣ್ಣ ಇಂದಿಗೂ ಕಾಣುತ್ತದೆ. ನೀಲಿ ಬಳಿದರೆ ದುಷ್ಟಶಕ್ತಿ ಒಳಬರುವುದಿಲ್ಲವೆಂಬುದು ಆ ಕರಾವಳಿಯ ಆಫ್ರಿಕನ್ ಮೂಲದವರ ನಂಬಿಕೆಯಾಗಿತ್ತು. ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ತಮ್ಮ ದೇಹವೂ ತಮ್ಮದಲ್ಲದ ಆ ಜನರಿಗೆ ಒಂದಿಷ್ಟು ರಕ್ಷಣೆಯ ಹಂಬಲ ಎಷ್ಟಿತ್ತೆಂದು ಆ ಬಣ್ಣ ಹೇಳುತ್ತದೆ. 2018ರಲ್ಲಿ ಈ ವಸ್ತುಸಂಗ್ರಹಾಲಯ ತನ್ನ ಹೆಸರಿಗೇ 'ಗುಲಾಮರ ವಸತಿ' ಎಂಬುದನ್ನು ಸೇರಿಸಿಕೊಂಡಿತು.

ಇನ್ನೊಂದು ಬದಲಾವಣೆಯೂ ಆಯಿತು. ಗುಲಾಮಗಿರಿಯ ಕಟ್ಟಾ ಸಮರ್ಥಕ ಜಾನ್ ಕ್ಯಾಲ್ಹೂನ್‌ನ ಹೆಸರಿದ್ದ ಚೌಕವೊಂದು ಅಲ್ಲಿತ್ತು. ಗುಲಾಮರನ್ನು ಹೂಳುತ್ತಿದ್ದ ನೆಲವೂ ಅದೇ ಭಾಗದಲ್ಲಿತ್ತು. ನಾಗರಿಕರ ಹೋರಾಟದ ಫಲವಾಗಿ 2023ರಲ್ಲಿ ಆ ಚೌಕಕ್ಕೆ ಸೂಸಿ ಕಿಂಗ್ ಟೇಲರ್‌ರ ಹೆಸರಿಡಲಾಯಿತು. 1848ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಸೂಸಿ, ಯಾರಿಗೂ ಕಾಣದಂತೆ ಪುಸ್ತಕಗಳಿಗೆ ಕಾಗದ ಸುತ್ತಿಕೊಂಡು ಹೋಗಿ ಗುಟ್ಟಾಗಿ ಅಕ್ಷರ ಕಲಿತವರು. ಅಂತರ್ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದರು, ಬಳಿಕ ಸವಾನಾದಲ್ಲೇ ಶಾಲೆ ತೆರೆದರು.

ನಿಮ್ಮ ಊರಲ್ಲೂ ಸಂಜೆಯ ಬಳಿಕ ಯಾರೂ ಹೋಗದ ಒಂದು ಪಾಳು ಮನೆ, ಒಂದು ಬಾವಿ ಇರಬಹುದು. ಮಕ್ಕಳು ಅದರ ಬಗ್ಗೆ ಕೇಳಿದಾಗ ಹೆದರಿಸಿ ಬಾಯಿ ಮುಚ್ಚಿಸಬೇಡಿ. ಅಲ್ಲಿ ಯಾರಿದ್ದರು, ಅವರಿಗೇನಾಯಿತು ಎಂದು ಊರ ಹಿರಿಯರಲ್ಲಿ ಕೇಳಿ ತಿಳಿದು ಹೇಳಿ. ಬಾವಿಗೆ ಬಿದ್ದ ಹೆಣ್ಣೊಬ್ಬಳ ಹೆಸರು ತಿಳಿದ ಮಗು ಅವಳಿಗೆ ಹೆದರುವುದಿಲ್ಲ, ಅವಳಿಗಾಗಿ ಮರುಗುತ್ತದೆ.